ಒಗರು

ಕಕ್ಕಡ ಹದಿನೆಂಟಕ್ಕೇ ಕುಯ್ಯಬೇಕಂತೆ ಮದ್ದುಸೊಪ್ಪು.
ಅವತ್ತು ಮಾತ್ರ ಅದರಲ್ಲಿ ಹದಿನೆಂಟೂ ಮದ್ದು ತುಂಬಿರುತ್ತವಂತೆ.
ನಾನು ಹದಿನೇಳಕ್ಕೂ ಕುಯ್ದೆ, ಹತ್ತೊಂಬತ್ತಕ್ಕೂ ಕುಯ್ದೆ,
ಚೀಟಿ ಅಂಟಿಸಿದೆ, ಕರೆಂಟು ಇದ್ದಷ್ಟು ಹೊತ್ತು
ನಲವತ್ತು ಡಿಗ್ರಿಯ ಪೆಟ್ಟಿಗೆಯಲ್ಲಿ ಒಣಗಿಸಿದೆ.
ಪೊನ್ನಂಪೇಟೆಯ ನಮ್ಮ ಎರಡು ಕೋಣೆಯ ಲ್ಯಾಬಿನಲ್ಲಿ
ನಂಬಿಕೆಗೂ ಹಿಂದೊಂದು ಮುಂದೊಂದು ದಿನ ಬೇಕು.

ಮೂರೂ ದಿನದ ಗೆರೆ ಒಂದರ ಮೇಲೊಂದು ಕೂತವು
ನಮ್ಮ ಹಳೇ ಯಂತ್ರದ ಮಂಜುಗಣ್ಣಿಗೆ.
ಅಮ್ಮನಿಗೆ ಇದನ್ನು ಹೇಳಲಿಲ್ಲ.

ಕಂಪ್ಯೂಟರಿನಲ್ಲಿ ವೈರಸ್ಸಿನ ಕತ್ತರಿ ತಿರುಗುತ್ತಿತ್ತು.
ತನ್ನ ಉದ್ದನೆಯ ಪ್ರೋಟೀನನ್ನು ತಾನೇ ತುಂಡರಿಸಿ
ಮರಿಗಳನ್ನು ಕಟ್ಟಿಕೊಳ್ಳುವ ಕತ್ತರಿ.
ಅದರ ಸಂದಿಗೆ ಎಲೆಯ ಒಂದು ಪಾಲಿಫಿನಾಲು
ಜಾರಿ, ಹೊರಳಿ, ಕೂತುಬಿಟ್ಟಿತು
ಗೂಡು ಹುಡುಕಿದ ಹಕ್ಕಿಯ ಹಾಗೆ.
ಮೈನಸ್ ಎಂಟು ಪಾಯಿಂಟ್ ಏಳು!
ನಾನು ಕುರ್ಚಿಯಿಂದ ಎದ್ದೇ ನಿಂತೆ.

ದೇಚಮ್ಮ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.
‘ಇವು ಸಿಕ್ಕಿದ್ದನ್ನೆಲ್ಲ ತಬ್ಬುವ ಜಾತಿ ಕಣೇ.
ಕತ್ತರಿಯನ್ನೂ, ಪ್ಲಾಸ್ಟಿಕ್ ನಳಿಗೆಯನ್ನೂ, ನಿನ್ನ ಬೆರಳನ್ನೂ.
ತಬ್ಬಿದ್ದಕ್ಕೆಲ್ಲ ಮದುವೆ ಅಂತ ಬರೀಬೇಡ.
ಒಂದು ಹನಿ ಸೋಪುನೀರು ಹಾಕಿ ನೋಡು.’

ಹಾಕಿ ನೋಡಿದೆ.
ತೊಂಬತ್ತರಲ್ಲಿ ಹನ್ನೆರಡು ಉಳಿಯಿತು.
ಅಷ್ಟಕ್ಕೇ ಹಿಗ್ಗಬೇಕೋ, ಅಷ್ಟೇ ಎಂದು ಕುಗ್ಗಬೇಕೋ
ತಿಳಿಯದೆ ಗಾಜಿನ ಸಾಮಾನು ತೊಳೆಯುತ್ತ ನಿಂತೆ.

ಮೇಡಂ ಅಣ್ಣ ಒಂಬತ್ತು ದಿನ ಕಷಾಯ ಕುಡಿದರು.
ಹತ್ತನೆಯ ದಿನ ಮಡಿಕೇರಿಗೆ ಜೀಪು.
ಈ ಮಾತನ್ನು ಅವರು ಒಮ್ಮೆ ಹೇಳಿದ್ದರು,
ತಕ್ಕಡಿಯ ಮುಳ್ಳು ಸೊನ್ನೆಗೆ ಬರಲಿ ಎಂದು ಕಾಯುತ್ತ.

ಪಾಯಸ ತಿಂದ ಮರುಬೆಳಗ್ಗೆ ಮೂತ್ರ ಕೆಂಪಾದರೆ
ಮದ್ದು ಮೈಗೆ ಹತ್ತಿತು ಅನ್ನುವುದು ನಮ್ಮಲ್ಲಿ.
ಈಗ ನಾನು ತಿರುವಿ ಓದುತ್ತೇನೆ:
ಮೈ ಇಟ್ಟುಕೊಳ್ಳದೆ ಕಳಿಸಿದ್ದು ಅದು.
ಇಟ್ಟುಕೊಂಡದ್ದು ಎಷ್ಟು?
ಗಂಟಲಿನವರೆಗೆ, ಶ್ವಾಸಕೋಶದವರೆಗೆ ನಡೆದು ಹೋದದ್ದು ಎಷ್ಟು?
ಆ ಲೆಕ್ಕಕ್ಕೆ ನಮ್ಮಲ್ಲಿ ಯಂತ್ರವಿಲ್ಲ.
ಫೋನು ಮಾಡಿದವರಿಗೆಲ್ಲ ಹೇಳಿದೆ:
ಪಾಯಸ ಆಸೆಗೆ ತಿನ್ನಿ, ಜ್ವರಕ್ಕೆ ಆಸ್ಪತ್ರೆಗೆ ಹೋಗಿ.
ಬೇಲಿಬದಿಯ ಗಿಡ ಬುಡಸಮೇತ ಕಿತ್ತರು ಆ ವರ್ಷ.

ನಮಗೆ ಸೊಪ್ಪು ತರುತ್ತಿದ್ದವಳು
ತಿತಿಮತಿ ಕಡೆಯ ಹಾಡಿಯ ಮುತ್ತಿ.
ಕತ್ತಲಲ್ಲೂ ಮೂಗಿನಿಂದಲೇ ಗಿಡ ಗುರುತಿಸುವವಳು.
ಅವಳ ಗಂಟಲಿಗೆ ಕಡ್ಡಿ ಹಾಕಿದವಳೂ ನಾನೇ,
ನೀಲಿ ಕೈಚೀಲದೊಳಗೆ ಬೆವೆತ ಕೈಯಿಂದ.
ಬದುಕಿದಳು. ಆದರೆ ವಾಸನೆ ಹೋಯಿತು, ರುಚಿ ಹೋಯಿತು.
‘ಅನ್ನ ಅಂದ್ರೆ ಬಿಸಿ ಮಣ್ಣು’ ಅಂದಳು.

ನಾಲ್ಕು ತಿಂಗಳಾದ ಮೇಲೆ
ಜೇಬಿನಲ್ಲಿದ್ದ ಎರಡು ಕಾಡುನೆಲ್ಲಿಯಲ್ಲಿ ಒಂದು ಕೊಟ್ಟೆ.
ಕಚ್ಚಿದಳು. ಹುಳಿ ಇಲ್ಲ, ಕಹಿ ಇಲ್ಲ ಎಂದು ತಲೆಯಾಡಿಸಿದಳು.
ಆಮೇಲೆ ತುಟಿ ಸುರುಟಿತು,
ಕಣ್ಣು ಅಗಲವಾಯಿತು:
‘ಹಿಡೀತು! ನಾಲಗೆ ಹಿಡೀತು ಕಣವ್ವಾ!’

ಒಗರು ರುಚಿಯಲ್ಲವಂತೆ, ಮುಟ್ಟುವಿಕೆಯಂತೆ.
ಎಂಜಲಿನ ಪ್ರೋಟೀನನ್ನು ಪಾಲಿಫಿನಾಲು ತಬ್ಬಿದಾಗ
ಬಾಯಿಗೆ ಅನ್ನಿಸುವ ಒರಟು.
ನನ್ನನ್ನು ಮೋಸ ಮಾಡಿದ ಅದೇ ಅಪ್ಪುಗೆ,
ಯಾರೂ ಯಾರನ್ನೂ ಮುಟ್ಟದಿದ್ದ ಆ ವರ್ಷ
ಅವಳ ನಾಲಗೆಯನ್ನು ಮುಟ್ಟಿತು.

ಇದು ವರದಿಯ ಯಾವ ಕಾಲಮಿಗೂ ಸೇರುವುದಿಲ್ಲ.
ವರದಿಯ ಕೊನೆಗೆ ‘ಸಂಭಾವ್ಯ’ ಎಂದು ಬರೆದೆ.
ಮೇಡಂ ಅದರ ಮುಂದೆ ‘ಇನ್ನೂ’ ಎಂದು ಸೇರಿಸಿದರು,
ಸ್ವಲ್ಪ ಹೊತ್ತು ನೋಡಿ, ಪೆನ್ನು ಮುಚ್ಚಿದರು.

ಈ ಕಕ್ಕಡಕ್ಕೂ ಮುತ್ತಿ ಬಂದಿದ್ದಳು ಹೊರೆ ಹೊತ್ತು.
ಒಂದು ಎಲೆ ಹೊಸಕಿ ಮೂಗಿಗೆ ಹಿಡಿದಳು.
‘ಬಂತಾ?’ ಅಂದೆ.
ನೇರಳೆ ಬಣ್ಣ ಹತ್ತಿದ ಬೆರಳು ಸೀರೆಗೆ ಒರೆಸುತ್ತ
‘ತೂಕ ಹಾಕು, ಬಸ್ಸಿದೆ’ ಅಂದಳು.