ಕಪ್ಪು ನಾಲ್ಕು, ಬಿಳಿ ನಾಲ್ಕು

ಹಾಲ್ ಸಿಕ್ಕಿದ್ದು ಭಾನುವಾರ, ಮಧ್ಯಾಹ್ನ ಎರಡರಿಂದ ಆರು.
ಆರೂವರೆಗೆ ಅಲ್ಲೇ ಯಾರದೋ ಸಾಖರಪುಡಾ,
ಹೂವಿನವರು ಐದಕ್ಕೇ ಬಂದು ನಿಲ್ಲುತ್ತಾರೆ
ಎಂದು ಮುಂಗಡ ಎಣಿಸುತ್ತಲೇ ಹೇಳಿದ ಮ್ಯಾನೇಜರ್.
ಹದಿನೇಳು ಹೆಸರು, ನಾಲ್ಕು ತಾಸು,
ಅದರಲ್ಲೇ ದೀಪ, ಚಹಾ, ಅಧ್ಯಕ್ಷರ ಎರಡು ಮಾತು.
ಎರಡಕ್ಕೆ ನಿಂತದ್ದು ನಾನಂತೂ ಕಂಡಿಲ್ಲ.

ಕೊನೆಗೆ ಹಾಡುವವರೇ ದೊಡ್ಡವರೆಂದು
ಯಾರು ಕಲಿಸಿದರೋ ಈ ತಾಯಂದಿರಿಗೆ!
ಮೃಣ್ಮಯಿಯ ಆಯಿ ಡಬ್ಬಿ ತುಂಬ ಚಿರೋಟಿ ತಂದಿಟ್ಟು
‘ಬಾಯಿ, ಇವಳದು ಐದರ ಮೇಲೆ ಬರಲಿ’ ಅಂದರು.
ಹೇತಲ್‌ ಬೆನ್‌ಗೆ ಮೂರರೊಳಗೆ ಮುಗಿಯಬೇಕು,
ಘಾಟ್ಕೋಪರಿನ ಅತ್ತೆಗೆ ಮೆಗಾಬ್ಲಾಕಿನ ಭಯ.

ನನ್ನ ಪಟ್ಟಿಯ ಗುಟ್ಟು ಬೇರೆ.
ಇರುವುದು ಎರಡು ತಂಬೂರಿ. ಮಿರಜಿನದು ನನ್ನದು,
ದೊಡ್ಡದು ಎರವಲು.
ಶ್ರುತಿ ಬದಲಿಸಿದರೆ ಒಂದೊಂದು ಸಲಕ್ಕೂ ಹತ್ತು ನಿಮಿಷ.
ಹಾಗಾಗಿ ಕಪ್ಪು ಐದರ ಚಿಳ್ಳೆಪಿಳ್ಳೆಗಳು ಮೊದಲು,
ಕಪ್ಪು ನಾಲ್ಕರವರು ಆಮೇಲೆ, ಒಂದೇ ಸಾಲು.
ಚಹಾ ಕುಡಿದ ಮೇಲೆ ದೊಡ್ಡ ತಂಬೂರಿ,
ಬಿಳಿ ಎರಡರ ಗಂಡಸರು—
ಅವರಲ್ಲಿ ನಿವೃತ್ತ ಮೋಟರ್‌ಮನ್ ಕಾಟದರೆ,
ಮೂರು ವರ್ಷದಿಂದ ಒಂದೇ ಭೂಪ,
ಗಂಧಾರದ ಮುಂದೆ ಕೆಂಪು ಸಿಗ್ನಲ್ ಕಂಡಂತೆ
ನಿಂತೇ ಬಿಡುತ್ತಾರೆ.
ಅಂಕಕ್ಕೂ ವಯಸ್ಸಿಗೂ ಈ ಪಟ್ಟಿಯಲ್ಲಿ ಕೆಲಸವಿಲ್ಲ.
ಗಂಟಲು ಎಲ್ಲಿ ಕೂತಿದೆಯೋ ಅಲ್ಲಿ ಹೆಸರು.

ಆ ಭಾನುವಾರ ಠಾಣೆಯಿಂದ ರಿಕ್ಷಾದಲ್ಲಿ ಬಂದರು ಸವಾಯಿಕರ್,
ಮೂರು ತಬಲಾ ತೊಡೆಯ ಮೇಲೆ,
ಲೋಕಲ್ಲಿಗೆ ಶಾಪ ಬಾಯಲ್ಲಿ.
ಅಧ್ಯಕ್ಷರು ಇನ್ನೂ ಮಾತಾಡುತ್ತಿರುವಾಗ
ಚಪ್ಪಲಿ ಬಿಡುವ ಕಡೆ ನನ್ನ ಸೆರಗು ಜಗ್ಗಿದವನು
ಪ್ರಣಿಲ್, ಚೆಕ್‌ನಾಕಾದ ಹೋಟೆಲಿನ ಶ್ರೀಯಾನರ ಮಗ.
‘ಟೀಚರ್, ಮೇಲಿನ ಸಾ ಬರ್ತಾ ಇಲ್ಲ.’
‘ಯಾವಾಗಿಂದ?’
‘ಗುರುವಾರದಿಂದ.’
ಹಾಡಿ ತೋರಿಸಿದ. ಪಂಚಮದವರೆಗೆ ಅವನೇ.
ಆಚೆಗೆ ಯಾರೋ ಅಪರಿಚಿತ
ಬಾಗಿಲು ತಳ್ಳಿಕೊಂಡು ಒಳಗೆ ಬಂದ.

ಹುಡುಗಿಯರ ಸಾಲಿನಿಂದ ಜಾರಿದ್ದಾನೆ,
ಗಂಡಸರ ಸಾಲು ಇನ್ನೂ ಎಟುಕಿಲ್ಲ.
ಮುಂದಿನ ವರ್ಷ ಹಾಡು ಅನ್ನಬಹುದಿತ್ತು.
ಎರಡನೇ ಸಾಲಿನಲ್ಲಿ ಅವನಪ್ಪ ಇಸ್ತ್ರಿಯ ಅಂಗಿಯಲ್ಲಿ
ಗಲ್ಲೆ ಬಿಟ್ಟು ಬಂದು, ಕೈ ಏನು ಮಾಡಬೇಕೆಂದು ತೋಚದೆ
ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದರು.
ಚಹಾಕ್ಕೆ ಮುಂಚಿನ ಕಡೆಯ ಹೆಸರಾಗಿ
ಅವನನ್ನು ಪೆನ್ಸಿಲಿನಲ್ಲಿ ಕೆಳಗೆ ಇಳಿಸಿದೆ.

ಸರದಿ ಬಂತು. ಫ್ಯಾನ್ ನಿಲ್ಲಿಸಲು ಹೇಳಿದೆ.
ಎಲ್ಲರೆದುರು ಬಿರಡೆ ತಿರುವಿದೆ,
ಕಪ್ಪು ನಾಲ್ಕರಿಂದ ಬಿಳಿ ನಾಲ್ಕಕ್ಕೆ
ಮೂರು ಮೆಟ್ಟಿಲು.
ತಂತಿ ಮುನಿಸಿಕೊಂಡಿತು, ಮಣಿ ಸರಿಸಿದೆ,
ಸವಾಯಿಕರ್ ಬೇರೆ ತಬಲಾ ತೆಗೆದು
ಸುತ್ತಿಗೆಯಿಂದ ಅಂಚಿಗೆ ಬಡಿದರು, ಕಿವಿಯಿಟ್ಟರು, ಬಡಿದರು.
ಒಳಗಿನಿಂದ ಶುಂಠಿಯ ವಾಸನೆ ಬರತೊಡಗಿತ್ತು.
ಯಾರೋ ‘ಏನು ತೊಂದರೆ?’ ಅಂದರು, ಯಾರೋ ಶ್ ಅಂದರು.
ಹಾಡಿ ಮುಗಿಸಿದ್ದ ಮೃಣ್ಮಯಿ, ಕೇಳದೆಯೇ ಬಂದು,
ಹಿಂದೆ ಕೂತು ತಂಬೂರಿ ತೊಡೆಗೇರಿಸಿಕೊಂಡಳು.
ಎರಡು ತಂತಿ ಒಂದಾಗುವ ಆ ಗಳಿಗೆ
ಗದ್ದಲವೆಲ್ಲ ತಾನಾಗಿ ಕೂತುಬಿಟ್ಟಿತು.

ದುರ್ಗಾ ಹಾಡಿದ. ಎರಡು ಕಡೆ ಒಡೆಯಿತು.
ಒಡೆದಲ್ಲಿ ನಗಲಿಲ್ಲ, ಕೆಮ್ಮಲಿಲ್ಲ,
ಹುಡುಗ ತಗ್ಗಿನ ಷಡ್ಜಕ್ಕೆ ಇಳಿದು ಅಲ್ಲೇ ನಿಂತ,
ಹೊಸ ಬಾಡಿಗೆ ಮನೆಯ ನೆಲ ತಣ್ಣಗಿದೆಯೇ ಎಂದು
ಬರಿಗಾಲಲ್ಲಿ ನೋಡುವವನ ಹಾಗೆ.
ಶ್ರೀಯಾನರು ಚಪ್ಪಾಳೆ ಮರೆತರು.

ಕಾಟದರೆಯವರ ಭೂಪ ನಡೆದಿರುವಾಗಲೇ
ಚೆಂಡುಹೂವಿನ ಗೋಣಿಗಳು ಒಳಬಂದವು.
ತಡವಾದದ್ದಕ್ಕೆ ಠೇವಣಿಯಲ್ಲಿ ಐನೂರು ಮುರಿದ ಮ್ಯಾನೇಜರ್.
ರಾತ್ರಿ ಚಿರೋಟಿ ಮುರಿಯುತ್ತ ವಹಿ ತೆರೆದು ಬರೆದೆ:
ಪ್ರಣಿಲ್, ಬಿಳಿ ನಾಲ್ಕು.
ಪೆನ್ಸಿಲಿನಲ್ಲೇ.
ಯುಗಾದಿಯ ಹೊತ್ತಿಗೆ ಇದೂ ಇರುವುದಿಲ್ಲ.