ಮೂರನೇ ಚಿಗುರು

ನಾನು ಉಜ್ಗೆನ್ನಿನವಳು. ನಮ್ಮಲ್ಲಿ ಕುದುರೆಮಸಾಲೆ
ವರ್ಷಕ್ಕೆ ಐದು ಕೊಯ್ಲು, ಕೊಯ್ದಷ್ಟೂ ಚಿಗುರು.
ಅತ್-ಬಾಶಿಗೆ ಸೊಸೆಯಾಗಿ ಬಂದಾಗ ನಕ್ಕಿದ್ದೆ:
ಬರೀ ಎರಡೇ?

ಇಲ್ಲಿ ಬೇಸಿಗೆ ನೆಂಟರಂತೆ ಬಂದು
ಚಪ್ಪಲಿ ಬಿಚ್ಚುವ ಮೊದಲೇ ಹೊರಡುತ್ತದೆ.
ಅಷ್ಟರಲ್ಲೇ ಸೊಪ್ಪು ಮೊಣಕಾಲು ಮುಟ್ಟಬೇಕು,
ಹತ್ತು ಗಿಡಕ್ಕೊಂದು ನೀಲಿ ಹೂವು ಕಂಡರೆ ಅವತ್ತೇ ಕೊಯ್ಯಬೇಕು;
ತಡವಾದರೆ ಕಾಂಡ ಕಡ್ಡಿ, ಹಸು ಮೂತಿ ತಿರುವುತ್ತದೆ.

ಅತ್ತೆ ಸೈರಕನ್ ಕುಡುಗೋಲು ಮಸೆಯುವ ಮುಂಚೆ ಬಡಿಯುತ್ತಾಳೆ,
ಪುಟ್ಟ ಅಡಿಗಲ್ಲಿನ ಮೇಲೆ ಅಲಗಿಟ್ಟು, ಠಣ್ ಠಣ್,
ಉಗುರಿಗೆ ಒತ್ತಿದರೆ ಬಾಗುವಷ್ಟು ತೆಳ್ಳಗೆ.
ಇಬ್ಬನಿ ಇರುವಾಗ ಹುಲ್ಲು ಸುಮ್ಮನೆ ಮಲಗುತ್ತದೆ,
ಬಿಸಿಲೇರಿದರೆ ಹಟ ಹಿಡಿಯುತ್ತದೆ.

ಒಣಗಿಸುವುದು ಬೇರೆಯೇ ಪಾಡು.
ಎಲೆ ಮಧ್ಯಾಹ್ನಕ್ಕೇ ಗರಿಗರಿ, ಕಾಂಡ ಒಳಗೊಳಗೇ ಹಸಿ.
ಒಂದು ಹಿಡಿ ಎತ್ತಿ ಹಗ್ಗದಂತೆ ಹೊಸೆಯುತ್ತಾಳೆ,
ಮುರಿಯದಿದ್ದರೆ ಮೆದೆಗೆ ಬಿಡುವುದಿಲ್ಲ.
ಹಸಿ ಮೆದೆ ತನ್ನ ಬಿಸಿಗೆ ತಾನೇ ಕಾಯುತ್ತದಂತೆ.
ತೊರೊಕೆಲ್ದಿಯ ಮೆದೆ ಉರಿದದ್ದು ಹಾಗೇ,
ಪಾಪ, ಅವನು ಇವತ್ತಿಗೂ ನೆರೆಮನೆಯ ಹುಡುಗರನ್ನು ಬೈಯುತ್ತಾನೆ.

ಮೊದಲ ವರ್ಷ, ಸೆಪ್ಟೆಂಬರ್. ಗೇಣುದ್ದ ಮತ್ತೆ ಹಸಿರು.
ಇನ್ನೊಂದು ಗಾಡಿ ಆಗುತ್ತದಲ್ಲ, ಎಂದೆ.
ನುರ್ಗಾಜಿ ಹೆಂಡತಿಯ ಮಾತಿಗೆ ಕುಡುಗೋಲು ಹಿಡಿದ.
ಅತ್ತೆ ತಡೆಯಲಿಲ್ಲ. ಒಳಗೆ ಹೋಗಿ ಹಿಟ್ಟು ನಾದಿದಳು.

ಹೊಲ ಬೋಳಾಯಿತು. ಬಿದ್ದ ಹಿಮವನ್ನು
ಹಿಡಿಯುವ ಕೈಯಿಲ್ಲದೆ ಗಾಳಿ ಗುಡಿಸಿಕೊಂಡು ಹೋಯಿತು.
ನೆಲ ಹೆಪ್ಪುಗಟ್ಟಿತು, ಕರಗಿತು, ಮತ್ತೆ ಗಟ್ಟಿಯಾಯಿತು.
ಏಪ್ರಿಲ್‌ನಲ್ಲಿ ನೋಡಿದರೆ ಬೇರುಗಳೆಲ್ಲ
ವಸಡಿನಿಂದ ಕಿತ್ತ ಹಲ್ಲಿನಂತೆ ಹೊರಗೆ.
ಅತ್ತೆ ಒಂದನ್ನು ಎಳೆದು ನನ್ನ ಕೈಗಿಟ್ಟಳು:
ಮೊಳಕೈಯುದ್ದ, ಒಳಗೆ ಏನೂ ಇಲ್ಲದ ಟೊಳ್ಳು.
ಬಯ್ದಿದ್ದರೆ ವಾಸಿಯಿತ್ತು.

ಮತ್ತೆ ಬಿತ್ತಿದೆವು. ಎರಡು ಚಳಿಗಾಲ ಕಳೆದವು.
ಈ ಸೆಪ್ಟೆಂಬರ್, ಅದೇ ಗೇಣುದ್ದದ ಹಸಿರು,
ಅದೇ ನುರ್ಗಾಜಿ ಅಲಗು ಒರೆಸುತ್ತಾ ಬಂದ.
ನಾನು ಹೊಲದ ಅಂಚಿಗೆ ಅಡ್ಡ ನಿಂತೆ.
"ಹಸುವಿಗೆ ಸಾಲದು" ಎಂದ.
"ಇದು ಹಸುವಿನ ಪಾಲಲ್ಲ" ಎಂದೆ.
ಅವನು ನನ್ನನ್ನೇ ನೋಡಿದ, ನಾನು ಬೇರೆ ಯಾರೋ ಎಂಬಂತೆ.

ಜನವರಿ. ಮೂವತ್ತು ಡಿಗ್ರಿ ಕೆಳಗೆ.
ಮೆದೆಯ ಹೊಟ್ಟೆ ಸೀಳಿದರೆ ಜೂನ್ ತಿಂಗಳ ವಾಸನೆ,
ಒಣಗಿದರೂ ಬಣ್ಣ ಬಿಡದ ಒಂದು ನೀಲಿ ಹೂವು.
ಹಸು ನಾಲಿಗೆ ಚಾಚುವ ಮೊದಲೇ ಕಿವಿಗೆ ಸಿಕ್ಕಿಸಿಕೊಂಡೆ.
ಆಚೆ ಹೊಲದಲ್ಲಿ ಕಂದಿದ ತುದಿಗಳು
ಮಂಡಿಯುದ್ದ ಹಿಮವನ್ನು ಹಿಡಿದು ನಿಂತಿವೆ.

ಅತ್ತೆ ಹೂವನ್ನು ನೋಡಿದಳು, ಏನೂ ಅನ್ನಲಿಲ್ಲ.
ನನ್ನ ಚಹಾಕ್ಕೆ ಇನ್ನಷ್ಟು ಹಾಲು ಸುರಿದಳು.