ಮುಷ್ಟಿ

ಎಷ್ಟು ಹ್ವಾದರ ಭಾಳ ಹೋದಂಗ, ಅಂತ ಕೇಳ್ತಿ.
ಪುಸ್ತಕದಾಗ ಅರ್ಧ ಲೀಟರ್ ಅಂತ ಬರದಾರ.
ಶಹಾಬಾದ್ ಫರಸಿ ಮ್ಯಾಲ ನೆತ್ತರ ಕೆಂಪಗ ಕಾಣಂಗಿಲ್ಲ, ತಂಗಿ,
ನೀರು ಚೆಲ್ಲಿದಂಗ ಕರ್ರಗ ಕಾಣ್ತದ.
ಚಪ್ಪಲಿ ಜಿಗಟ ಆದಾಗ ನಾ ತಿಳಕೊಂಡೆ.

ರಟಕಲ್ ಆಸ್ಪತ್ರಿ. ಕೂಸು ಬಂದು ಇನ್ನ ಕಾಲು ತಾಸಿಲ್ಲ.
"ಹೊಲಸು ರಕ್ತ, ಹೋಗಲಿ ಬಿಡ್ರಿ, ಮೈ ಹಗೂರ ಆಗ್ತದ,"
ಅಂತ ಅತ್ತಿ ಬಾಗಿಲದಾಗ ಕುಂತು ಅಡಕಿ ಕತ್ತರಿಸ್ತಿದ್ಳು.
ಆಕಿ ಸುಳ್ಳು ಹೇಳಲಿಲ್ಲ. ಆಕಿಗೂ ಯಾರೋ ಹಂಗ ಹೇಳಿದ್ರು.
ಬದುಕಿದವ್ರಷ್ಟ ಹೇಳ್ತಾರಲ್ಲ.

ಹೊಟ್ಟಿ ಮ್ಯಾಲ ಕೈ ಇಟ್ಟೆ.
ಬಳವಲಕಾಯಿಯಂಗ ಗಟ್ಟಿ ಇರಬೇಕಾದ ಗರ್ಭಚೀಲ
ನೀರು ಹೆಚ್ಚಾದ ಜ್ವಾಳದ ಹಿಟ್ಟು, ಬೆರಳಿಗಿ ಸಿಗಲೇ ಇಲ್ಲ.
ಉಜ್ಜಿದೆ. ಗಟ್ಟ್ಯಾತು. ಕೈ ತಗದೆ, ಮತ್ತ ಮೆತ್ತಗ.
ಸೂಜಿ ಹಾಕಿದೆ. ಎರಡು ದಿನ ಕರೆಂಟಿಲ್ಲದ ಫ್ರಿಜ್ಜಿನ ಔಷಧ;
ಅದರಾಗ ಜೀವ ಇತ್ತೋ, ಬರೇ ನೀರಿತ್ತೋ,
ಇವತ್ತಿಗೂ ಗೊತ್ತಿಲ್ಲ.

ಆಮ್ಯಾಲ ಆಂಬುಲೆನ್ಸ್.
ಬಲಗೈ ಒಳಗ, ಮುಷ್ಟಿ ಮಾಡಿ,
ಎಡಗೈ ಹೊರಗ, ಮ್ಯಾಲಿಂದ ಅದುಮಿ,
ಎರಡರ ನಡುವ ನಾಗೇಂದ್ರಮ್ಮ.
ತಾಸಿನ ಹಿಂದ ಕೂಸು ಮುಷ್ಟಿ ಬಿಗಿದು ಮಲಗಿದ್ದ ಜಾಗ ಅದು.
ಡ್ರೈವರ್ ಚಾಂದಪಾಶಾ ಪ್ರತಿ ಸಲ ಒದರ್ತಿದ್ದ:
"ಸಿಸ್ಟರ್, ಹಂಪ್!"
ಹತ್ತೊಂಬತ್ತು ಹಂಪ್.
ಮಹಾಗಾಂವ ಕ್ರಾಸಿನ್ಯಾಗ ತೊಗರಿ ಚೀಲದ ಲಾರಿ ಅಡ್ಡ.
ಮಾತಾಡು ಅಂದೆ. ಎಮ್ಮಿ ಹಿಂಡ್ಯಾರೋ ಇಲ್ಲೋ, ಅಂದ್ಳು.
ಮಾತಾಡು. ಥಂಡಿ ಹತ್ತೇದ, ಅಂದ್ಳು.
ಮಾತಾಡು ಅಂದೆ.
ಚಾಂದಪಾಶಾ ಹಾರ್ನ್ ಒತ್ತೋದು ಬಿಟ್ಟ.

ಕಲಬುರಗಿ ದವಾಖಾನ್ಯಾಗ
"ಇನ್ನ ಬಿಡ್ರಿ, ನಾವು ನೋಡ್ತೀವಿ" ಅಂದ್ರು.
ಬಿಡ್ಲಿಕ್ಕ ಆಗಲಿಲ್ಲ. ಬೆರಳು ನನ್ನ ಮಾತು ಕೇಳಲಿಲ್ಲ,
ಯಾರೋ ಒಂದೊಂದ ಬಿಡಿಸಿದ್ರು.
ನಾಲ್ಕು ಬಾಟ್ಲಿ ರಕ್ತ ಏರಿಸಿದ್ರು, ಒಂದು ಚಾಂದಪಾಶಾನ ತೋಳಿಂದ.
ಮುಂಜಾನಿ ಚಹಾದ ಗ್ಲಾಸ್ ಎಡಗೈಲೆ ಹಿಡದೆ.

ಬದುಕಿದ್ಳು, ಹೌದು. ಎಮ್ಮಿನೂ ಹಿಂಡ್ತಾಳ.
ಆದರ ನನ್ನ ವಹಿಯಾಗ ಇನ್ನೊಂದು ಹೆಸರದ,
ಆಕಿ ಊರಿಗಿ ಆಂಬುಲೆನ್ಸ್ ಬರೋತನ ರೋಡ್ ಇರಲಿಲ್ಲ.
ಅದನ್ನ ಇವತ್ತ ಹೇಳಂಗಿಲ್ಲ.

ಅಲ್ಲಿ ನೋಡು, ಎರಡನೇ ಕಾಟಿನಾಕಿ, ಹಡದು ಹತ್ತು ನಿಮಿಷ.
ಹೋಗು, ಹೊಟ್ಟಿ ಮ್ಯಾಲ ಕೈ ಇಡು.
ಮೊದಲ ಬಳಿ ತಗಿ.